ಆಗಬೋಟಿನ ದಾರಿಯಲ್ಲಿ ಅರ್ಧ ಟಿಕೇಟು

ಮುಂಬಯಿ, ಠಾಣೆ, ಡೊಂಬಿವಲಿಗಳಲ್ಲಿ ನೆಲೆಸಿರುವ ಕಾರವಾರದ ಕಡೆಯವರನ್ನು ‘ನಿಮ್ಮ ಊರಿಗೆ ದಾರಿ ಯಾವುದು?’ ಎಂದು ಕೇಳಿ ನೋಡಿ. ರಾತ್ರಿ ಬಸ್ಸು ಹತ್ತಿ ಪರದೆ ಎಳೆದು ಮಲಗಿದರೆ ಬೆಳಿಗ್ಗೆ ಊರು ಎನ್ನುವರು ಕೆಲವರು. ಕೊಂಕಣ ರೇಲ್ವೆ ಎನ್ನುವರು ಉಳಿದವರು. 1998ರಲ್ಲಿ ಆ ರೈಲು ಆದ್ಯಂತವಾಗಿ ಓಡತೊಡಗಿದ ಮೇಲೆ ನಮ್ಮಂಥವರಿಗೆ ದೊಡ್ಡ ಉಪಕಾರವಾಯಿತು, ಸಂಶಯವಿಲ್ಲ. ಆದರೆ ಆ ರೈಲಿನಿಂದ ಸಮುದ್ರ ಕಾಣುವುದೇ ಅಪರೂಪ. ಸುರಂಗ, ಕಣಿವೆ, ಸೇತುವೆ, ಮತ್ತೆ ಸುರಂಗ. ಎರಡು ಮನೆಗಳ ನಡುವೆ ಏನುಂಟು ಎಂಬುದನ್ನು ನೋಡದೆಯೇ ನಾವು ಅರುವತ್ತು ವರ್ಷ ಹೋಗಿ ಬಂದು ಮಾಡಿದ್ದೇವೆ.

ನಮ್ಮ ತೀರ್ಥರೂಪರ ಕಾಲ ಹಾಗಿರಲಿಲ್ಲ. ಅವರು 1946ರಲ್ಲಿ ಕಾರವಾರದ ಬಂದರದಲ್ಲಿ ಆಗಬೋಟು ಹತ್ತಿ ಮುಂಬಯಿಗೆ ಬಂದವರು. ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1862ರಿಂದ 1956ರ ನವೆಂಬರ 1ರ ವರೆಗೂ ಹಾಗೆಯೇ ಇತ್ತು. ಆದುದರಿಂದ ಕಾಲೇಜು, ಕೋರ್ಟು, ನೌಕರಿ ಎಲ್ಲಕ್ಕೂ ಮುಂಬಯಿಯೇ. ಬಂದರಗಳ ಹೆಸರನ್ನು ಅವರು ಮಗ್ಗಿಯಂತೆ ಹೇಳುತ್ತಿದ್ದರು: ವೆಂಗುರ್ಲೆ, ಮಾಲವಣ, ದೇವಗಡ, ವಿಜಯದುರ್ಗ, ರತ್ನಾಗಿರಿ, ಜಯಗಡ, ದಾಭೋಳ, ಹರ್ಣೆ. ಆ ಹೆಸರುಗಳನ್ನು ಕೇಳಿ ಬಾಯಿಪಾಠ ಮಾಡಿದ ನಾವು ಅವುಗಳಲ್ಲಿ ಒಂದನ್ನೂ ಕಂಡಿರಲಿಲ್ಲ. ಆಗಬೋಟುಗಳು ನಿಂತು ಕಾಲವಾಯಿತು. ಆದರೆ ಅದೇ ದಾರಿಯನ್ನು ದಂಡೆಗುಂಟ ಸರಕಾರಿ ಬಸ್ಸಿನಲ್ಲಿ, ಖಾಡಿ ಬಂದಲ್ಲಿ ತಾರಿ ದಾಟಿ, ಹೋಗಬಹುದಲ್ಲ! ನಿವೃತ್ತಿಯ ಮರುವರ್ಷ ಮಾಘ ಮಾಸದಲ್ಲಿ ಹೊರಟೇಬಿಟ್ಟೆವು. ಹನ್ನೊಂದು ದಿನ, ಹದಿನೈದು ಸಾವಿರ ರೂಪಾಯಿ. ಅದಕ್ಕಿಂತ ಒಂದು ಪೈಯೂ ಹೆಚ್ಚಾಗಕೂಡದೆಂದು ನಿಯಮ.

ನಾವು ಎಂದರೆ ಎಷ್ಟು ಜನ ಎಂದು ವಾಚಕರು ಕೇಳಬಹುದು. ನಾವೊಬ್ಬರೇ. ಒಂದು ಚೀಲ, ಒಂದು ಕೊಡೆ, ನೀರಿನ ಶೀಶೆ ಇವನ್ನು ಸೇರಿಸಿಕೊಂಡರೆ ಬಹುವಚನಕ್ಕೆ ಅಡ್ಡಿಯಿಲ್ಲ. ‘ಹೆಂಗಸರು ಒಬ್ಬರೇ ಹೀಗೆ ಹೋಗುವುದೇ?’ ಎಂದು ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಮೂರನೆಯ ದಿನ ಸೊಸೆಯೇ ಅವಲಕ್ಕಿ ಚೂಡಾ ಮಾಡಿ ಡಬ್ಬಿಗೆ ತುಂಬಿಕೊಟ್ಟಳು.

ಭಾವೂಚಾ ಧಕ್ಕೆಯಿಂದ ರೇವಸಿಗೆ ಲಾಂಚು. ಸೀಗಲ್ ಹಕ್ಕಿಗಳು ಹಿಂದೆ ಹಾರಿಬರುತ್ತವೆ, ಮಕ್ಕಳು ಅವಕ್ಕೆ ತಿಂಡಿ ಎಸೆಯುತ್ತಾರೆ, ಎಲ್ಲವೂ ಹಬ್ಬದಂತೆ. ಇದೇ ಧಕ್ಕೆಯಿಂದ ಇದೇ ರೇವಸಿಗೆ ಹೊರಟಿದ್ದ ‘ರಾಮದಾಸ’ ಎಂಬ ಆಗಬೋಟು 1947ರ ಜುಲೈ 17ರಂದು ಮುಳುಗಿ 600ಕ್ಕೂ ಹೆಚ್ಚು ಜನ ತೀರಿಹೋದರು. ನಮ್ಮ ತಂದೆ ಬಂದ ಮರುವರ್ಷದ ಮಾತು. ಅಜ್ಜಿ ಆಮೇಲೆ ಬಹಳ ದಿನ ಮಗನನ್ನು ಸಮುದ್ರದ ದಾರಿಯಿಂದ ಊರಿಗೆ ಬರಗೊಡಲಿಲ್ಲವಂತೆ. ಬೆಳಗಾವಿಯ ಮೇಲೆ ಸುತ್ತಿ ಬರಬೇಕಾಗಿತ್ತು.

ಅಲೀಬಾಗಿನಲ್ಲಿ ಭೂಮಿಯ ಅಯಸ್ಕಾಂತ ಶಕ್ತಿಯನ್ನು ಅಳೆಯುವ ವೇಧಶಾಲೆ ಉಂಟು. ಅದು ಮೊದಲು ಮುಂಬಯಿಯ ಕೊಲಾಬಾದಲ್ಲಿತ್ತು. ಕುದುರೆಯ ಟ್ರಾಮುಗಳು ಹೋಗಿ ವಿದ್ಯುತ್ತಿನ ಟ್ರಾಮು ಬರುವುದೆಂದಾದಾಗ ಸೂಕ್ಷ್ಮ ಸೂಜಿಗಳು ಅಲ್ಲಾಡಿ ಅಳತೆ ಕೆಡುವುದೆಂದು 1904ರಲ್ಲಿ ಇಲ್ಲಿ ಹೊಸ ವೇಧಶಾಲೆಯನ್ನು ತೆರೆದರು. ಟ್ರಾಮುಗಳು ಮುಂಬಯಿಯಿಂದ 1964ರಲ್ಲಿ ಕಾಣೆಯಾದವು; ಸೂಜಿಗಳು ಇಲ್ಲೇ ಉಳಿದವು. ಮುಂಬಯಿಯ ಗದ್ದಲ ತಾಳಲಾರದೆ ಊರು ಬಿಟ್ಟವರಲ್ಲಿ ಅವೂ ಸೇರಿದವು ಎನ್ನೋಣ.

ಬಸ್ಸಿನಲ್ಲಿ ಕಂಡಕ್ಟರು ‘ಮಾವಶಿ, ಅರ್ಧಾ’ ಎಂದು ಕೇಳದೆಯೇ ಅರ್ಧ ಟಿಕೇಟು ಹರಿದುಕೊಟ್ಟ. 2023ರ ಮಾರ್ಚಿನಿಂದ ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ ಎಲ್ಲ ಹೆಂಗಸರಿಗೂ ಅರ್ಧ ದರ. ಯಾವ ಊರು, ಯಾವ ಭಾಷೆ ಎಂಬ ಪ್ರಶ್ನೆಯಿಲ್ಲ. ಸೀರೆಯೋ ಚೂಡಿದಾರವೋ ಕಂಡರೆ ಸಾಕು. ಈ ಸಂಗತಿಯನ್ನು ವಾಚಕರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಚೌಲ, ರೇವದಂಡೆ ದಾಟಿದ ಮೇಲೆ ಕೊರ್ಲಾಯಿ ಎಂಬ ಬೆಸ್ತರ ಹಳ್ಳಿ. ಮುಗುಚಿದ ದೋಣಿಯಂಥ ಗುಡ್ಡ, ಅದರ ಮೇಲೆ ಪೋರ್ತುಗೀಜರ ಕೋಟೆ. ನೋಡತಕ್ಕದ್ದು ಕೋಟೆಯಲ್ಲ, ಕೇಳತಕ್ಕದ್ದು ಅಲ್ಲಿಯ ಮಾತು. ಪೋರ್ತುಗೀಜರು ಈ ಭಾಗವನ್ನು ಬಿಟ್ಟುಹೋದದ್ದು 1740ರಲ್ಲಿ. ಅವರು ಹೋದರು, ಅವರ ನುಡಿ ಮರಾಠಿಯೊಡನೆ ಬೆರೆತು ಈ ಒಂದು ಹಳ್ಳಿಯ ಕ್ರೈಸ್ತರ ಮನೆಗಳಲ್ಲಿ ಉಳಿದುಕೊಂಡಿತು. ‘ನೋ ಲಿಂಗ್’ ಎನ್ನುತ್ತಾರೆ. ನಮ್ಮ ನುಡಿ ಎಂದರ್ಥ. ಸುತ್ತ ಎಲ್ಲ ಕಡೆ ಮರಾಠಿ, ಶಾಲೆ ಮರಾಠಿ, ಪೇಟೆ ಮರಾಠಿ. ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಹಿಂದಿನಿಂದ ನೂಕುವ ಸರಕಾರವಿಲ್ಲ. ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಕುಳಿತ ಮೀನಿನ ಬುಟ್ಟಿಯ ಹೆಂಗಸು ನಮ್ಮೊಡನೆ ಮರಾಠಿಯಲ್ಲಿ ಮಾತಾಡಿ, ತಿರುಗಿ ತನ್ನ ಮೊಮ್ಮಗಳಿಗೆ ಅದೇ ನುಡಿಯಲ್ಲಿ ಏನೋ ಗದರಿದಳು. ಹುಡುಗಿ ಅದೇ ನುಡಿಯಲ್ಲಿ ಎದುರುತ್ತರ ಕೊಟ್ಟಿತು. ನಮಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಎದುರುತ್ತರವೆಂಬುದು ಸ್ಪಷ್ಟವಿತ್ತು. ‘ಮನೆಯಲ್ಲಿ ಇದೇ ಮಾತೇ?’ ಎಂದು ಕೇಳಿದೆವು. ‘ಮತ್ತೇನು, ಮನೆಯಲ್ಲೂ ಮರಾಠಿ ಮಾತಾಡಲೆ?’ ಎಂದು ಆಕೆ ನಮ್ಮನ್ನೇ ವಿಚಿತ್ರವಾಗಿ ನೋಡಿದಳು. ನಮ್ಮ ಮೊಮ್ಮಗನಿಗೆ ಬರುವ ಕನ್ನಡ ‘ಅಜ್ಜಿ’ ಮತ್ತು ‘ಸಾಕು’ ಇವೆರಡೇ. ಇಪ್ಪತ್ತು ಮೈಲಿ ಹೋಗುವವರೆಗೆ ಕಿಟಕಿಯ ಹೊರಗೆ ಏನಿತ್ತೆಂದು ನಮಗೆ ನೆನಪಿಲ್ಲ.

ಮುರೂಡದ ಹತ್ತಿರದ ರಾಜಪುರಿಯಿಂದ ಹಾಯಿದೋಣಿಯಲ್ಲಿ ಜಂಜೀರೆಗೆ ಹೋಗಬೇಕು. ಅರಬ್ಬಿಯಲ್ಲಿ ದ್ವೀಪಕ್ಕೆ ಜಜೀರಾ ಎನ್ನುವರು, ಅದೇ ಜಂಜೀರಾ ಆಯಿತು. ಆಫ್ರಿಕೆಯಿಂದ ಬಂದ ಸಿದ್ದಿಗಳು ಆಳಿದ ಕೋಟೆ. ಮರಾಠರ ಕೈಗೂ ಇಂಗ್ಲಿಷರ ಕೈಗೂ ಯುದ್ಧದಲ್ಲಿ ಸಿಕ್ಕಲಿಲ್ಲ. ಉಪ್ಪುನೀರಿನ ನಡುವೆ ಸಿಹಿನೀರಿನ ಎರಡು ದೊಡ್ಡ ಕೆರೆಗಳು, ಗೋಡೆಯ ಮೇಲೆ ಮಲಗಿದ ತೋಪುಗಳು. ಬಾಗಿಲಲ್ಲಿ ಕಲ್ಲಿನ ಮೃಗವೊಂದು ಆನೆಗಳನ್ನು ಕಾಲಡಿಯಲ್ಲಿ ತುಳಿದು ನಿಂತಿದೆ. ಬಂದವರಿಗೆ ಅದೇ ಮೊದಲ ಎಚ್ಚರಿಕೆ. ಯಲ್ಲಾಪುರ, ಹಳಿಯಾಳದ ಕಾಡಿನ ನಮ್ಮ ಸಿದ್ದಿಗಳು ಬಂದದ್ದು ಹೆಚ್ಚಾಗಿ ಗೋವೆಯ ಮೂಲಕ, ಪೋರ್ತುಗೀಜರ ಗುಲಾಮರಾಗಿ. ಒಂದೇ ಖಂಡದಿಂದ ಒಂದೇ ಕಡಲು ದಾಟಿ ಬಂದವರಲ್ಲಿ ಕೆಲವರು ನವಾಬರಾದರು, ಕೆಲವರು ಕಾಡು ಸೇರಿದರು.

ಆಗರದಾಂಡೆಯಿಂದ ದಿಘಿಗೆ ತಾರಿ. ಈಗ ಹರಿಗೋಲಲ್ಲ, ಲಾರಿ, ಕಾರು, ದನ, ಮದುವೆಯ ದಿಬ್ಬಣ ಎಲ್ಲವನ್ನೂ ಹೊರುವ ಕಬ್ಬಿಣದ ಹಡಗು. ನಡೆದು ಹತ್ತುವವರಿಗೆ ಬಸ್ಸಿನ ಟಿಕೇಟಿನಷ್ಟೇ ಖರ್ಚು. ಶ್ರೀವರ್ಧನಕ್ಕೆ ಬಂದಾಗ ಸಂಜೆ. ಇದು ಪೇಶವೆ ಬಾಳಾಜಿ ವಿಶ್ವನಾಥರ ಊರು. ನಮಗೆ ಮಾತ್ರ ಶಿರಸಿಗೆ ಬಂದಂತಾಯಿತು: ಚಿರೇಕಲ್ಲಿನ ಕಂಪೌಂಡು, ಒಳಗೆ ಅಡಿಕೆ ತೋಟ, ಅಂಗಳದಲ್ಲಿ ಒಣಗಲು ಹರಡಿದ ಅಡಿಕೆ. ಚಿರೇಕಲ್ಲಿಗೆ ಅವರು ‘ಚಿರಾ’ ಎನ್ನುತ್ತಾರೆ. ಇಲ್ಲಿಯ ‘ರೋಠಾ’ ಅಡಿಕೆ ಮುಂಬಯಿಯಲ್ಲಿ ಹೆಸರಾದದ್ದು. ಇಲ್ಲಿ ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿಯುತ್ತಾರೆ. ನಮ್ಮ ಮಲೆನಾಡಿನ ಕೆಂಪಡಿಕೆಯಂತೆ ಹಸಿಗಾಯಿ ಬೇಯಿಸುವುದಿಲ್ಲ. ಇಳಿದುಕೊಂಡ ಮನೆಯ ಅಜ್ಜಿಗೆ ಬೇಯಿಸುವ ಕ್ರಮವನ್ನು ವಿವರಿಸಿದೆವು. ‘ಇಷ್ಟೆಲ್ಲ ಕಷ್ಟ ಯಾಕೆ, ಸೂರ್ಯ ಇಲ್ಲವೆ ನಿಮ್ಮಲ್ಲಿ?’ ಎಂದಳು. ಮಳೆಯ ಮಾತು ಹೇಳಿ ತಪ್ಪಿಸಿಕೊಂಡೆವು.

ಇಂಥ ಮನೆಗಳೇ ಬಡ ಪ್ರವಾಸಿಗೆ ಆಧಾರ. ಬಾಗಿಲಿಗೆ ‘ಮನೆಯಲ್ಲೇ ವಸತಿ, ಮನೆಯ ಊಟ’ ಎಂಬರ್ಥದ ಹಲಗೆ ತೂಗುಹಾಕಿರುತ್ತಾರೆ. ಏಳುನೂರು ಎಂಟುನೂರು ರೂಪಾಯಿಗೆ ಕೋಣೆ. ಹೆಂಗಸು ಒಬ್ಬಳೇ ಎಂದರೆ ಮನೆಯ ಯಜಮಾನಿಯ ಪಕ್ಕದ ಕೋಣೆಯನ್ನೇ ಕೊಡುತ್ತಾರೆ. ಲಾಡ್ಜಿಗಿಂತ ಇದು ನೂರು ಪಾಲು ಮೇಲು.

ಹರಿಹರೇಶ್ವರದಲ್ಲಿ ದೇವರ ಪ್ರದಕ್ಷಿಣೆ ಸಮುದ್ರದ ಬಂಡೆಗಳ ಮೇಲೆಯೇ. ಇಳಿತದ ಹೊತ್ತಿಗೆ ಮಾತ್ರ ಹೋಗಬೇಕು. ಅರ್ಚಕರು ವೇಳೆ ನೋಡಿ ‘ಹನ್ನೊಂದರವರೆಗೆ ಕುಳಿತಿರಿ’ ಎಂದರು. ಕುಳಿತೆವು. ಅಲೆ ಕೊರೆದು ಕೊರೆದು ಆ ಬಂಡೆಗಳು ಜೇನುಹುಟ್ಟಿನಂತಾಗಿವೆ. ಆಚೆ ಸಾವಿತ್ರಿ ನದಿಯ ಅಳಿವೆ. ಬಾಗಮಂಡಲೆಯಿಂದ ವೇಶ್ವಿಗೆ ತಾರಿ ದಾಟಿದರೆ ಬಾಣಕೋಟ; ಅಲ್ಲಿಂದ ಹರ್ಣೆ.

ಹರ್ಣೆಯ ದಂಡೆಯಲ್ಲಿ ಸಂಜೆಯ ಮೀನು ಹರಾಜು ನೋಡದವರು ಕೊಂಕಣವನ್ನು ನೋಡಿಲ್ಲ. ದೋಣಿಗಳು ಆಳದಲ್ಲಿ ನಿಲ್ಲುತ್ತವೆ, ಎತ್ತಿನ ಗಾಡಿಗಳು ನೀರಿಗೇ ಇಳಿದು ಮೀನು ತುಂಬಿಕೊಂಡು ಬರುತ್ತವೆ. ಎತ್ತುಗಳ ಹೊಟ್ಟೆಯವರೆಗೆ ಅಲೆ! ಹಿಂದೆ ಸುವರ್ಣದುರ್ಗ, ಅದರ ಹಿಂದೆ ಮುಳುಗುವ ಸೂರ್ಯ. ಆದರೆ ಹರಾಜು ನಡೆಸುವ ಹೆಂಗಸರಿಗೆ ಸೂರ್ಯನ ಕಡೆ ನೋಡಲು ಪುರುಸೊತ್ತಿಲ್ಲ. ಬಾಂಗಡಾ ಎಂದರೆ ನಮ್ಮ ಬಂಗಡೆಯೇ. ಸುರಮಯಿ ಎಂದರೆ ಇಸವಾಣ. ಬೆಲೆ ಕೇಳಿದೆವು, ಕೊಳ್ಳಲಿಲ್ಲ; ಖಾನಾವಳಿಯವನು ಕೊಂಡದ್ದನ್ನು ರಾತ್ರಿ ಉಂಡೆವು.

ಪಕ್ಕದ ಮುರೂಡ ಎಂಬ ಹಳ್ಳಿಯಲ್ಲಿ ಮಹರ್ಷಿ ಧೋಂಡೋ ಕೇಶವ ಕರ್ವೆಯವರು ಬೆಳೆದರು. ಹದಿನೇಳರ ಹುಡುಗನಿದ್ದಾಗ ಪರೀಕ್ಷೆಗೆಂದು ಇಲ್ಲಿಂದ ಘಟ್ಟ ಹತ್ತಿ ಸಾತಾರೆಗೆ ನಡೆದೇ ಹೋದರಂತೆ. ಅಲ್ಲಿಯ ಅಧಿಕಾರಿಗಳು ‘ವಯಸ್ಸು ಸಾಲದಂತೆ ಕಾಣುತ್ತದೆ’ ಎಂದು ಪರೀಕ್ಷೆಗೆ ಕೂಡಿಸಲೇ ಇಲ್ಲ. ಆ ಹುಡುಗ ಮುಂದೆ 1916ರಲ್ಲಿ ಹೆಂಗಸರಿಗಾಗಿಯೇ ವಿಶ್ವವಿದ್ಯಾಲಯ ಸ್ಥಾಪಿಸಿದರು. ನೂರು ವರ್ಷ ದಾಟಿ ಬದುಕಿ 1962ರಲ್ಲಿ ತೀರಿಕೊಂಡರು. ನಮ್ಮ ಚಿಕ್ಕಮ್ಮ ಆ ವಿಶ್ವವಿದ್ಯಾಲಯದ ಪದವೀಧರೆ. ಮುಂಬಯಿಯ ಎಷ್ಟೋ ಕನ್ನಡ ಮನೆಗಳಲ್ಲಿ ಅಂಥ ಒಬ್ಬ ಚಿಕ್ಕಮ್ಮ ಇದ್ದೇ ಇರುತ್ತಾರೆ.

ದಾಭೋಳ ಈಗ ಸಣ್ಣ ಊರು. ತಾರಿಗೆ ಕಾಯುವಾಗ ಮೀನಿನ ಬಲೆ, ಚಹದ ಅಂಗಡಿ, ದಂಡೆಯ ಮೇಲೆ ಹಳೆಯ ಮಸೀದಿ, ಇಷ್ಟೇ ಕಾಣುವುದು. ಬಹಮನಿ ಸುಲ್ತಾನರ ಕಾಲದಲ್ಲಿಯೂ ಆಮೇಲೆ ವಿಜಾಪುರದ ಆದಿಲಶಾಹಿಯಲ್ಲಿಯೂ ಇದು ದೊಡ್ಡ ರೇವು. ಅರಬಸ್ತಾನದ ಕುದುರೆಗಳು ಇಳಿಯುತ್ತಿದ್ದವು, ಮಕ್ಕೆಯ ಯಾತ್ರಿಕರು ಹತ್ತುತ್ತಿದ್ದರು. ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಕುದುರೆಯೊಂದನ್ನು ತಂದು ಚೌಲದಲ್ಲಿ ಇಳಿದು, ಘಟ್ಟ ಹತ್ತಿ ಬೀದರಿನಲ್ಲಿ ಬಹುಕಾಲ ಇದ್ದು, ಊರಿನ ಹಂಬಲ ತಾಳಲಾರದೆ ಹಿಂದಿರುಗಲು ಹಡಗು ಹತ್ತಿದ್ದು ಇಲ್ಲಿಯೇ, 1472ರ ಸುಮಾರಿಗೆ. ಊರು ಮುಟ್ಟುವ ಮುನ್ನವೇ ದಾರಿಯಲ್ಲಿ ತೀರಿಕೊಂಡ. ಮಸೀದಿಯನ್ನು ವಿಜಾಪುರದ ರಾಜಕುಮಾರಿಯೊಬ್ಬಳು ಕಟ್ಟಿಸಿದಳೆಂದು ಊರವರ ಕಥೆ: ಮಕ್ಕೆಗೆ ಹೊರಟವಳು ಮುಂದೆ ಹೋಗಲಾಗದೆ, ತಂದ ಹಣವನ್ನು ಇಲ್ಲೇ ವಿನಿಯೋಗಿಸಿದಳಂತೆ.

ತಾರಿ ದಾಟಿ ಧೋಪಾವೆಯ ದಿಣ್ಣೆ ಹತ್ತುತ್ತಿದ್ದಂತೆ ವಿಜಾಪುರದ ಮಾತೇ ಕಿವಿಗೆ ಬಿತ್ತು. ರಸ್ತೆಗೆ ಜಲ್ಲಿ ಹಾಕುವ ಹೆಂಗಸರು ಮರದ ನೆರಳಲ್ಲಿ ರೊಟ್ಟಿ ಬಿಚ್ಚಿದ್ದರು. ನಾವು ‘ಯಾವ ಊರಮ್ಮಾ?’ ಎಂದದ್ದೇ ತಡ, ಎಲ್ಲರೂ ಎದ್ದು ನಿಂತರು. ‘ಅಯ್ಯ! ಕನ್ನಡದವ್ರೇನ್ರೀ ಯಕ್ಕಾರ? ಇಂಡಿ ತಾಲೂಕಿನವ್ರ ಅದೀವ್ರೀ.’ ಕುಳಿತು ಅವರ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ನಮ್ಮ ಅವಲಕ್ಕಿ ಚೂಡಾ ಅವರ ಮಕ್ಕಳ ಪಾಲಾಯಿತು. ದೊಡ್ಡ ಹುಡುಗನಿಗೆ ಹತ್ತು ವರ್ಷವಿರಬಹುದು. ‘ಸಾಲಿಗೆ ಹೋಗ್ತೀಯೇನೋ?’ ಎಂದರೆ ತಾಯಿ ಉತ್ತರ ಕೊಟ್ಟಳು: ‘ಊರಾಗ ಮೂರನೇತ್ತಾ ಇದ್ದ್ರೀ. ಇಲ್ಲಿ ಸಾಲಿ ಮರಾಠಿ. ಅಲ್ಲಿ ಹೆಸರ ತಗದಾರ, ಇಲ್ಲಿ ಹೆಸರ ಹಚ್ಚಿಲ್ಲ.’ ದಸರೆಯ ನಂತರ ಬಂದವರು, ಮಳೆ ಬೀಳುವ ಮೊದಲು ಹಿಂದಿರುಗುವರು. ನಮ್ಮ ಸಂಘದ ಯಾದಿಯಲ್ಲಿ ಇವರ ಹೆಸರಿಲ್ಲ, ರಾಜ್ಯೋತ್ಸವಕ್ಕೆ ಇವರಿಗೆ ಆಮಂತ್ರಣವಿಲ್ಲ. ನಾವು ಹೊರನಾಡ ಕನ್ನಡಿಗರು ಎಂದು ಹೇಳಿಕೊಳ್ಳುವಾಗ ಲೆಕ್ಕ ಹಿಡಿಯುವುದು ಹತ್ತನೆಯ ಮಹಡಿಯಿಂದ. ಇವರು ಆ ಮಹಡಿಯ ಕೆಳಗೆ ಉಸುಕು ಹೊತ್ತವರು. ಹುಡುಗ ಕಡ್ಡಿಯಿಂದ ಮಣ್ಣಿನಲ್ಲಿ ತನ್ನ ಹೆಸರು ಬರೆದು ತೋರಿಸಿದ. ಒತ್ತಕ್ಷರ ಸರಿಯಾಗಿತ್ತು.

ಗುಹಾಗರ, ತವಸಾಳದ ತಾರಿ, ಜಯಗಡ, ಗಣಪತಿಪುಳೆ ಇವನ್ನು ಬೇಗ ದಾಟೋಣ. ಗಣಪತಿಪುಳೆಗೆ ನಮ್ಮ ಓದುಗರಲ್ಲಿ ಅರ್ಧ ಜನ ಹೋಗಿಬಂದಿದ್ದಾರೆ. ರತ್ನಾಗಿರಿಯಲ್ಲಿ ಟಿಳಕರ ಮನೆಗೆ ಕೈಮುಗಿದು, ಬರ್ಮಾದ ಕೊನೆಯ ರಾಜ ಥೀಬಾನನ್ನು ಇಂಗ್ಲಿಷರು ಸೆರೆಯಿಟ್ಟ ಅರಮನೆಗೆ ಹೋದೆವು. 1886ರಿಂದ ಮೂವತ್ತು ವರ್ಷ ಅವನು ಈ ಊರಿನಲ್ಲಿದ್ದು 1916ರಲ್ಲಿ ತೀರಿಕೊಂಡ. ಅರಮನೆ ಸಿದ್ಧವಾದದ್ದು 1910ಕ್ಕೆ. ಅನುಭವಿಸಿದ್ದು ಆರೇ ವರ್ಷ. ಮಾವಿನ ಮರಗಳು ಹೂ ಬಿಟ್ಟಿದ್ದವು. ಹೂವಿನ ಕಾಲಕ್ಕೆ ರತ್ನಾಗಿರಿಗೆ ಹೋಗಿ ಹಣ್ಣಿಲ್ಲದೆ ಬರುವುದು ಬಹಳ ಸಂಯಮದ ಕೆಲಸ.

ಮಾಲವಣಕ್ಕೆ ಬಂದರೆ ಅಡುಗೆಮನೆ ಬದಲಾಗುತ್ತದೆ. ಬೆಳಗಿನ ತಿಂಡಿಗೆ ‘ಘಾವಣೆ’ ಇಟ್ಟರು: ಅಕ್ಕಿ ನೆನೆಹಾಕಿ ರುಬ್ಬಿ ತೆಳ್ಳಗೆ ಹೊಯ್ದದ್ದು. ನಮ್ಮ ನೀರುದೋಸೆಯ ಸಾಕ್ಷಾತ್ ತಂಗಿ. ಊಟದ ಕೊನೆಗೆ ಕೋಕಂ ಹಣ್ಣಿನ ಸೋಲಕಢಿ. ಕೋಕಂ ಎಂದರೆ ಘಟ್ಟದ ನಮ್ಮ ಮುರುಗಲು, ಮಂಗಳೂರಿನವರ ಪುನರ್ಪುಳಿ. ಇಲ್ಲಿಂದ ಮುಂದೆ ಊರು ಹತ್ತಿರವಾಗುತ್ತಿದೆ ಎಂಬುದನ್ನು ಮೈಲಿಗಲ್ಲಿಗಿಂತ ಮೊದಲು ನಾಲಿಗೆ ಹೇಳುತ್ತದೆ. ಎದುರಿಗೆ ಶಿವಾಜಿ 1664ರಲ್ಲಿ ಕಟ್ಟಲಾರಂಭಿಸಿದ ಸಿಂಧುದುರ್ಗ. ಸಮುದ್ರದ ನಡುವೆ ಅಲ್ಲಿಯೂ ಸಿಹಿನೀರಿನ ಬಾವಿಗಳು; ಹಾಲುಬಾವಿ, ಮೊಸರುಬಾವಿ, ಸಕ್ಕರೆಬಾವಿ ಎಂದು ಹೆಸರು.

ಶಿರೋಡೆಯಲ್ಲಿ ಉಪ್ಪಿನ ಆಗರಗಳಿವೆ. 1930ರಲ್ಲಿ ಇಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು, ಅದೇ ವರ್ಷ ನಮ್ಮ ಅಂಕೋಲೆಯಲ್ಲಿಯೂ ನಡೆಯಿತು. ಕಾದಂಬರಿಕಾರ ವಿ. ಸ. ಖಾಂಡೇಕರರು ಈ ಹಳ್ಳಿಯ ಶಾಲೆಯಲ್ಲಿ ಹದಿನೆಂಟು ವರ್ಷ ಮಾಸ್ತರರಾಗಿದ್ದರು. ಶಿರೋಡೆಯಿಂದ ತೇರೆಖೋಲಿಗೆ ಬಂದು ಕೊನೆಯ ತಾರಿ ಹತ್ತಿದೆವು. ಆಚೆ ದಂಡೆ ಕೇರಿ. ನಡೆದು ಹತ್ತಿದ ನಮ್ಮಿಂದ ಯಾರೂ ಕಾಸು ಕೇಳಲಿಲ್ಲ.

ಇಂಥ ತಾರಿಗಳಲ್ಲಿ ಹಲವಕ್ಕೆ ಬದಲಾಗಿ ಸೇತುವೆಗಳು ಬರಲಿವೆ. ರೇವಸಿನಿಂದ ರೇಡಿಯವರೆಗೆ ದಂಡೆಗುಂಟ ಒಂದೇ ರಸ್ತೆ ಮಾಡುವ ಯೋಜನೆ ಅಂತುಲೆಯವರ ಕಾಲದ್ದು. ಈಚೆಗೆ ಕೆಲಸ ಚುರುಕಾಗಿದೆ. ನಮ್ಮಂಥ ಪ್ರವಾಸಿಗಳು ‘ಅಯ್ಯೋ, ತಾರಿಯ ಸೊಗಸು ಹೋಯಿತು’ ಎನ್ನಬಹುದು. ವೇಶ್ವಿಯಲ್ಲಿ ನಮ್ಮ ಜೊತೆ ತಾರಿಗೆ ಕಾಯುತ್ತಿದ್ದ ತುಂಬು ಬಸುರಿಯ ಅತ್ತೆ ಹಾಗೆ ಹೇಳಲಿಲ್ಲ. ರಾತ್ರಿ ತಾರಿ ನಿಂತ ಮೇಲೆ ನೋವು ಬಂದರೆ ಎಷ್ಟು ದೂರ ಸುತ್ತಬೇಕೆಂಬುದನ್ನು ಅವಳು ಬೆರಳು ಮಡಚಿ ಲೆಕ್ಕ ಹೇಳಿದಳು. ಸೇತುವೆ ಬೇಗ ಆಗಲಿ.

ಗೋವೆಯಲ್ಲಿ ಎರಡು ಬಸ್ಸು ಬದಲಿಸಿ, ಮಡಗಾಂವಿನಿಂದ ಕಾರವಾರಕ್ಕೆ ಹೊರಟೆವು. ಅಲ್ಲಿಯ ಸರಕಾರಿ ಬಸ್ಸಿನ ಮೈಮೇಲೆ ‘ಕದಂಬ’ ಎಂದು ಬರೆದಿರುತ್ತದೆ. ಗೋವೆಯನ್ನಾಳಿದ ಕದಂಬರ ಹೆಸರು. ಬನವಾಸಿಯ ಮನೆತನದ ಕೊಂಬೆ. ಬಸ್ಸು ಬಿಟ್ಟು ಆ ರಾಜರ ಗುರುತು ಪೇಟೆಯಲ್ಲಿ ಹೆಚ್ಚೇನೂ ಕಾಣದು.

ಮಾಜಾಳಿ ದಾಟಿದ ಮೇಲೆ ಸದಾಶಿವಗಡದ ಗುಡ್ಡ, ಕೆಳಗೆ ಕಾಳಿ ನದಿ. ಹಳೆಯ ಸೇತುವೆ 2024ರ ಆಗಸ್ಟ 7ರ ರಾತ್ರಿ ಕುಸಿದುಬಿತ್ತು. ಒಂದು ಲಾರಿ ನದಿಗೆ ಬಿದ್ದು ಚಾಲಕ ಬದುಕಿ ಉಳಿದ. ನಮ್ಮ ಬಸ್ಸು ಪಕ್ಕದ ಹೊಸ ಸೇತುವೆಯ ಮೇಲೆ ಸಾಗಿತು. ರವೀಂದ್ರನಾಥ ಠಾಕೂರರು ಇಪ್ಪತ್ತೆರಡರ ಹರೆಯದಲ್ಲಿ, ಇಲ್ಲಿ ಜಡ್ಜರಾಗಿದ್ದ ಅಣ್ಣನ ಮನೆಗೆ ಬಂದು, ಈ ಕಾಳಿಯಲ್ಲಿ ದೋಣಿ ಹತ್ತಿ, ಇಲ್ಲಿಯೇ ನಾಟಕವೊಂದನ್ನು ಬರೆದರು. ಕಾರವಾರದ ಸಮುದ್ರತೀರಕ್ಕೆ ಈಗ ಅವರ ಹೆಸರು.

ಕಾರವಾರದಲ್ಲಿ ಅಂಕೋಲೆಯ ಬಸ್ಸು ಹತ್ತಿದೆವು. ಕಂಡಕ್ಟರು ಬಯಲುಸೀಮೆಯ ಹುಡುಗ. ‘ಆಧಾರ ಕಾರ್ಡ ತೋರಸ್ರೀ ಅಕ್ಕಾರ’ ಎಂದ. 2023ರ ಜೂನಿನಿಂದ ಕರ್ನಾಟಕದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿಲ್ಲ. ಆದರೆ ಕರ್ನಾಟಕದ ನಿವಾಸಿಗಳಾಗಿರಬೇಕು. ನಮ್ಮ ಕಾರ್ಡಿನಲ್ಲಿ ಡೊಂಬಿವಲಿಯ ವಿಳಾಸ, ಅಕ್ಷರ ದೇವನಾಗರಿ. ಆತ ತಿರುಗಿಸಿ ಮುರುಗಿಸಿ ನೋಡಿ, ‘ಮಾತು ಕನ್ನಡ ಐತಿ, ಕಾರ್ಡ ಮರಾಠಿ ಐತಲ್ರೀ ಅಕ್ಕಾರ. ಝೀರೋ ಟಿಕೀಟ ಬರೂದಿಲ್ರೀ’ ಎಂದ. ಪಾಪ, ಅವನ ಮುಖದಲ್ಲಿ ನಿಜವಾದ ಸಂಕೋಚವಿತ್ತು. ನಿಯಮ ನಿಯಮವೇ; ತೆರಿಗೆ ಕೊಡುವ ರಾಜ್ಯ ಬೇರೆ, ಸವಲತ್ತು ಕೇಳುವ ರಾಜ್ಯ ಬೇರೆ ಆಗಲಾರದು. ಕೊರ್ಲಾಯಿಯಲ್ಲಿ ಅರ್ಧ, ಅಂಕೋಲೆಗೆ ಪೂರ್ತಿ! ಪಕ್ಕದ ಹಾಲಕ್ಕಿ ಅಜ್ಜಿ ಕುತ್ತಿಗೆಯ ಮಣಿಸರ ಸರಿಪಡಿಸಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡು, ‘ಎಲ್ಲಾಯ್ತು ತಂಗಿ, ಮನೆ?’ ಎಂದಳು. ಉತ್ತರ ಕೊಡಲು ಸ್ವಲ್ಪ ಹೊತ್ತು ಹಿಡಿಯಿತು. ‘ತಂದೆಯ ಮನೆ ಅಂಕೋಲೆ’ ಎಂದೆವು. ‘ಹಂಗಾದ್ರೆ ಕಿಟಕಿ ಬದಿಗೆ ಬಾ’ ಎಂದು ಆಕೆ ಸರಿದು ಜಾಗ ಬಿಟ್ಟಳು.

ಲೆಕ್ಕ ಕೇಳುವ ವಾಚಕರಿಗೆ: ವಸತಿಗೆ 7,900, ಊಟ ತಿಂಡಿಗೆ 3,150, ಬಸ್ಸು ತಾರಿ ದೋಣಿಗಳಿಗೆ 1,640, ಒಟ್ಟು 12,690 ರೂಪಾಯಿ. ಹೋಗುವವರು ದಸರೆಯಿಂದ ಹೋಳಿಯೊಳಗೆ ಹೋಗಬೇಕು. ಮಳೆಗಾಲದಲ್ಲಿ ಕೋಟೆಗಳಿಗೆ ದೋಣಿ ಬಿಡುವುದಿಲ್ಲ. ಹಳ್ಳಿಗಳಿಗೆ ಸಂಜೆ ಬಂದು ಬೆಳಿಗ್ಗೆ ಹೊರಡುವ ವಸ್ತಿ ಬಸ್ಸಿನ ವೇಳೆಯನ್ನು ಡಿಪೋದಲ್ಲಿ ಮೊದಲೇ ಕೇಳಿಟ್ಟುಕೊಳ್ಳಿರಿ. ಉಳಿದ ಹಣದಲ್ಲಿ ಮಡಗಾಂವಿನ ಪೇಟೆಯಲ್ಲಿ ಗೋಡಂಬಿ ಕೊಂಡಿದ್ದೆವು. ಅಂಕೋಲೆಯಲ್ಲಿ ಇಳಿದಾಗ ಸಂಜೆ ಐದು ಗಂಟೆ. ಚಿಕ್ಕಪ್ಪನ ಮಗಳ ಮನೆಗೆ ರಿಕ್ಷಾ ಬೇಡವೆಂದು ನಡೆದೇ ಹೋದೆವು.